ಮುಂಗಾಜಿನ ಜೀರ್ಣೋದ್ಧಾರ ವಿಧಿ

ಉಪೋದ್ಘಾತ

ಭಿನ್ನವಾದ ವಿಗ್ರಹವನ್ನು ಪೀಠದಿಂದ ಎಬ್ಬಿಸುವ ಮುಹೂರ್ತ ಮೊದಲ್ಗೊಂಡು ನೂತನ ಬಿಂಬಕ್ಕೆ ಕಣ್ಣು ತೆರೆಯಿಸುವ ಕ್ರಮದವರೆಗೆ ನಮ್ಮ ಆಗಮಕಾರರು ವಿಚಾರಿಸದೆ ಬಿಟ್ಟ ಅಂಶವೊಂದೂ ಇಲ್ಲ. ಆದರೆ ಇಂದಿನ ಗೃಹಸ್ಥನು ದೇವರ ಕೋಣೆಗೆ ಎಂದೂ ಮಾಡದಷ್ಟು ಸಾಲವನ್ನು ಮಾಡಿ, ದೇವರ ಮುಂದೆ ಎಂದೂ ತೋರದಷ್ಟು ಭಯಭಕ್ತಿಯನ್ನು ತೋರಿ, ಮನೆಯ ಮುಂದೆ ತಂದು ನಿಲ್ಲಿಸಿಕೊಂಡಿರುವ ವಿದ್ಯುಚ್ಚಾಲಿತ ಎಸ್‌ಯುವಿ ಎಂಬ ಮಹಾರಥದ ಮುಂದಿನ ಗಾಜು ಒಡೆದಾಗ ಮಾಡತಕ್ಕುದೇನೆಂಬುದನ್ನು ಕುರಿತು ಯಾವ ಋಷಿಯೂ ತುಟಿಬಿಚ್ಚಿಲ್ಲ. ಶಾಸ್ತ್ರಪ್ರಪಂಚದ ಈ ಲೋಪವನ್ನು ಯಥಾಮತಿ ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಶಾಸ್ತ್ರವೆಂದ ಮೇಲೆ ಅದಕ್ಕೆ ಅನುಬಂಧಗಳು ನಾಲ್ಕು ಇರಬೇಕಷ್ಟೆ. ವಿಷಯವು ಮುಂಗಾಜು, ಪ್ರಯೋಜನವು ರಥವು ಮರಳಿ ರಸ್ತೆಗಿಳಿಯುವುದು, ಸಂಬಂಧವು ಗಾಜಿಗೂ ಕಿಸೆಗೂ ಇರತಕ್ಕದ್ದು, ಅಧಿಕಾರಿಯೋ, ಸಾಲದ ಕಂತುಗಳನ್ನು ಇನ್ನೂ ಬಹುಕಾಲ ಕಟ್ಟಬೇಕಾಗಿರುವವನೂ, ಜಲ್ಲಿ ಲಾರಿಯ ಹಿಂದೆ ಒಮ್ಮೆಯಾದರೂ ಹೋಗಿಬಂದವನೂ, "ಪಾರ್ಟ್ ಆರ್ಡರ್ ಹಾಕಿದೀವಿ ಸಾರ್, ಬಂದ್ ತಕ್ಷಣ ಫೋನ್ ಮಾಡ್ತೀವಿ" ಎಂಬ ವಾಕ್ಯವನ್ನು ಕೇಳಿಯೂ ಶಮದಮಾದಿಗಳನ್ನು ಕಳೆದುಕೊಳ್ಳದವನೂ ಆದ ಸಾಧಕನು.

ಪೂರ್ವಪಕ್ಷ

ಇಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಪ್ರಾಚೀನ ಸಂಪ್ರದಾಯಕ್ಕೆ ಸೇರಿದ ಪೂರ್ವಪಕ್ಷಿಯು ಎದ್ದು ನಿಲ್ಲುತ್ತಾನೆ. ಆತನ ಮತವು ಅತ್ಯಂತ ಸಂಕ್ಷಿಪ್ತವಾದುದು: "ಗಾಜು ಒಡೀತಾ? ಬೇರೆ ಗಾಜು ಹಾಕಿದ್ರಾಯ್ತು. ಅದಕ್ಯಾಕ್ ಸಾರ್ ಇಷ್ಟೊಂದು ಮಾತು?"

ಅಂಬಾಸಡರ್ ಯುಗದ ಮಟ್ಟಿಗೆ ಈ ಮತವು ನಿರ್ದುಷ್ಟವಾದುದೆಂದು ಒಪ್ಪಿಕೊಳ್ಳೋಣ. ಆ ಕಾಲದ ಗಾಜು ರಬ್ಬರ್ ಬೀಡಿಂಗಿನೊಳಗೆ ಕುಳಿತಿರುತ್ತಿತ್ತು. ಬೀಡಿಂಗಿನ ಸಂದಿನಲ್ಲಿ ಹಗ್ಗವೊಂದನ್ನು ಸುತ್ತ ಹುದುಗಿಸಿ, ಹೊರಗಿನಿಂದ ಒಬ್ಬನು ಅಂಗೈಯಿಂದ ಗಾಜನ್ನು ಅದುಮುತ್ತಿರಲು ಒಳಗಿನಿಂದ ಇನ್ನೊಬ್ಬನು ಹಗ್ಗವನ್ನು ಮೆಲ್ಲನೆ ಎಳೆದನೆಂದರೆ, ರಬ್ಬರಿನ ತುಟಿಯು ಚೌಕಟ್ಟನ್ನು ಕಚ್ಚಿಕೊಂಡು ಕಾರ್ಯವು ಮುಗಿಯುತ್ತಿತ್ತು. ಗಾಳಿ, ಮಳೆ, ಧೂಳುಗಳನ್ನು ತಡೆಯುವುದರ ಹೊರತು ಆ ಗಾಜಿಗೆ ಬೇರೆ ಕರ್ತವ್ಯವಿರಲಿಲ್ಲ. ನೋಡುವ ಭಾರವೆಲ್ಲವೂ ಅದರ ಹಿಂದೆ ಕುಳಿತವನದಾಗಿದ್ದಿತು.

ಈಗಲಾದರೋ ಕ್ಯಾಮರಾ, ಮಳೆಯ ಸಂವೇದಕ, ಬೆಳಕಿನ ಸಂವೇದಕ, ಮಂಜನ್ನು ಕರಗಿಸುವ ಸೂಕ್ಷ್ಮತಂತಿ, ವೇಗವನ್ನು ಬೆಳಕಿನ ಅಕ್ಷರಗಳಲ್ಲಿ ತೋರಿಸುವ ಪ್ರದರ್ಶನಪಟ ಇವೆಲ್ಲವೂ ಗಾಜನ್ನು ಆಶ್ರಯಿಸಿಕೊಂಡಿರುವುದರಿಂದ, ದ್ರಷ್ಟೃತ್ವವು ಚಾಲಕನನ್ನು ತ್ಯಜಿಸಿ ಗಾಜಿನಲ್ಲಿ ಸಂಕ್ರಮಿಸಿದೆ. ಆದುದರಿಂದ ಮುಂಗಾಜು ಈಗ ಬಿಂಬಸ್ವರೂಪವಾದುದು. ಅದನ್ನು ಬದಲಿಸುವ ಕಾರ್ಯವು ದುರಸ್ತಿಯೆಂಬ ವರ್ಗವನ್ನು ಮೀರಿ ಪ್ರತಿಷ್ಠೆಯೆಂಬ ವರ್ಗಕ್ಕೆ ಸೇರಿದೆ. ಇದೇ ನಮ್ಮ ಸಿದ್ಧಾಂತ. ಮುಂದಿನದೆಲ್ಲವೂ ಇದರ ವಿಸ್ತಾರ.

ಉತ್ಪತ್ತಿ ಪ್ರಕರಣ

ಮುಂಗಾಜಿನ ಪುರಾಣವು 1903ರಲ್ಲಿ, ಅಂದರೆ ನಮ್ಮ ಪಂಚಾಂಗದ ಶೋಭಕೃತ್ ಸಂವತ್ಸರದಲ್ಲಿ, ಆರಂಭವಾಗುತ್ತದೆ. ಫ್ರಾನ್ಸ್ ದೇಶದ ಎದುವಾರ್ ಬೆನೆಡಿಕ್ಟುಸ್ ಎಂಬ ಕಲಾವಿದನೂ ರಸಾಯನಜ್ಞನೂ ಆದ ಮಹನೀಯನ ಪ್ರಯೋಗಶಾಲೆಯಲ್ಲಿ ಗಾಜಿನ ಕುಪ್ಪಿಯೊಂದು ಮೇಲಿನಿಂದ ಬಿದ್ದು ಬಿರಿದರೂ ಚೂರುಗಳಾಗಿ ಚದುರಲಿಲ್ಲವೆಂದೂ, ಒಳಗೆ ಒಣಗಿಕೊಂಡಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯು ಅವುಗಳನ್ನು ಹಿಡಿದಿಟ್ಟಿತೆಂದೂ ಪ್ರತೀತಿಯುಂಟು. 1909ರಲ್ಲಿ ಆತನು ಪದರಗಾಜಿಗೆ ಪೇಟೆಂಟನ್ನು ಪಡೆದನು. ಅದೇ 1903ರಲ್ಲಿ ಅಮೆರಿಕದ ಅಲಬಾಮದ ಮೇರಿ ಆಂಡರ್ಸನ್ ಎಂಬ ಮಹಿಳೆಗೆ ವೈಪರಿನ ಪೇಟೆಂಟು ದೊರೆಯಿತು. ಹೀಗೆ ಒಂದೇ ಸಂವತ್ಸರದಲ್ಲಿ ಗಾಜಿಗೆ ಅಭಯವೂ ಲಭಿಸಿತು, ಮುಖ ಒರೆಸಿಕೊಳ್ಳುವುದಕ್ಕೆ ಕೈಯೂ ಲಭಿಸಿತು. 1959ರಲ್ಲಿ ಇಂಗ್ಲೆಂಡಿನ ಅಲಿಸ್ಟೇರ್ ಪಿಲ್ಕಿಂಗ್‌ಟನ್ನನು ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಬಿಟ್ಟು ಸಮತಳದ ಹಲಗೆಗಳನ್ನಾಗಿಸುವ ವಿದ್ಯೆಯನ್ನು ಲೋಕಕ್ಕೆ ಪ್ರಕಟಿಸಿದ ಮೇಲೆ ಗಾಜಿನ ವಕ್ರದೃಷ್ಟಿಯೂ ನಿವಾರಣೆಯಾಯಿತು.

ಸಾಂಪ್ರತದ ಮುಂಗಾಜು ಸುಮಾರು ಎರಡೆರಡು ಮಿಲಿಮೀಟರು ದಪ್ಪದ ಎರಡು ಹಲಗೆಗಳಿಂದಲೂ, ಅವುಗಳ ನಡುವೆ ಬೆಸುಗೆಯಂತಿರುವ 0.76 ಮಿಲಿಮೀಟರಿನ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪೊರೆಯಿಂದಲೂ ಕೂಡಿದುದು. ವಿದ್ಯುದ್ರಥದಲ್ಲಿ ಈ ಪೊರೆಗೆ ವಿಶೇಷ ಧರ್ಮಗಳುಂಟು. ಎಂಜಿನ್ನಿನ ಘೋಷವು ಅಡಗಿಹೋದ ಮೇಲೆ, ಅದುವರೆಗೆ ಯಾರ ಕಿವಿಗೂ ಬೀಳದಿದ್ದ ಗಾಳಿಯ ಶಬ್ದವು ಕೇಳತೊಡಗಿತಾಗಿ, ಶಬ್ದವನ್ನು ಹೀರುವ ಪೊರೆಯೊಂದು ಅವಶ್ಯವಾಯಿತು. ಒಳಗಿನ ತಂಪಿಗೆ ವ್ಯಯವಾಗುವ ವಿದ್ಯುತ್ತು ಬ್ಯಾಟರಿಯಿಂದಲೇ ಬರಬೇಕಾಗಿ, ತತ್ಫಲವಾಗಿ ರಥವು ಸಾಗತಕ್ಕ ದೂರವೇ ಕುಗ್ಗುವುದರಿಂದ, ಸೂರ್ಯನ ತಾಪವನ್ನು ಹೊರಕ್ಕೆ ಅಟ್ಟುವ ಲೇಪವೊಂದು ಅವಶ್ಯವಾಯಿತು.

ವೇಗಾಂಕವನ್ನು ಗಾಜಿನ ಮೇಲೆಯೇ ತೋರಿಸುವ ರಥಗಳಲ್ಲಂತೂ ಒಂದು ದಾರ್ಶನಿಕ ಸಮಸ್ಯೆಯೇ ಅಡಗಿದೆ. ಗಾಜಿಗೆ ಒಳಮೈ ಒಂದು, ಹೊರಮೈ ಒಂದು. ಎರಡೂ ಪ್ರತಿಫಲಿಸುವುವಾದುದರಿಂದ ಸಾಮಾನ್ಯವಾದ ಗಾಜನ್ನು ಕೂರಿಸಿದಲ್ಲಿ ಒಂದೇ ವೇಗವು ಎರಡಾಗಿ, ಒಂದರ ಹಿಂದೊಂದು ಛಾಯೆಯಾಗಿ ತೋರುತ್ತದೆ. ಪೊರೆಯನ್ನು ಕೆಳಗೆ ತೆಳ್ಳಗೂ ಮೇಲೆ ದಪ್ಪಗೂ ಇರುವಂತೆ ಬೆಣೆಯಾಕಾರದಲ್ಲಿ ನಿರ್ಮಿಸಿದರೆ ಮಾತ್ರ ಎರಡು ಬಿಂಬಗಳು ಐಕ್ಯವನ್ನು ಹೊಂದುತ್ತವೆ. ಅಗ್ಗದ ಗಾಜು ದ್ವೈತವನ್ನೂ ದುಬಾರಿಯ ಗಾಜು ಅದ್ವೈತವನ್ನೂ ಸ್ಥಾಪಿಸುತ್ತವೆಯೆಂಬ ಈ ನಿರ್ಣಯವನ್ನು ಉಡುಪಿಯವರೂ ಶೃಂಗೇರಿಯವರೂ ಸಮಾನವಾದ ಮಂದಹಾಸದಿಂದ ಸ್ವೀಕರಿಸುವರೆಂದು ನಂಬುತ್ತೇವೆ.

ಭಂಗನಿರ್ಣಯ ಪ್ರಕರಣ

ಭಂಗಕ್ಕೆ ಕಾರಣವು ಬಹುಶಃ ಜಲ್ಲಿಕಲ್ಲು. ಟಾರ್ಪಾಲು ಹೊದೆಯದ ಲಾರಿಯಿಂದ ಉದುರಿ, ಮುಂದಿನ ವಾಹನದ ಚಕ್ರದಿಂದ ಚಿಮ್ಮಿ, ನಿಮಿಷಾರ್ಧದಲ್ಲಿ ಮಾಯವಾಗುವ ಈ ಕಲ್ಲನ್ನು ಸಾಮಾನ್ಯರು ಶಪಿಸುತ್ತಾರೆಯೇ ಹೊರತು ಅದರ ವಂಶವನ್ನು ವಿಚಾರಿಸುವುದಿಲ್ಲ. ಬೆಂಗಳೂರಿನ ಸುತ್ತಣ ಜಲ್ಲಿಯು ಬಹುಮಟ್ಟಿಗೆ ಪೆನಿನ್ಸುಲರ್ ನೈಸ್ ಎಂಬ ಶಿಲಾಕುಲಕ್ಕೆ ಸೇರಿದುದು. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಸಾಹೇಬರಿಂದ ನಾಮಕರಣ ಹೊಂದಿ, ಲಾಲ್‌ಬಾಗಿನ ಬಂಡೆಯ ರೂಪದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಬಿರುದನ್ನೂ ಧರಿಸಿರುವ ಈ ಶಿಲೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ. ಇದರಲ್ಲಿ ಸಿಲಿಕವಿದೆ, ಗಾಜಿನ ಮೂಲದ್ರವ್ಯವಾದ ಮರಳಿನಲ್ಲಿಯೂ ಸಿಲಿಕವಿದೆ. ಆದುದರಿಂದ ಹೆದ್ದಾರಿಯಲ್ಲಿ ನಡೆದುದು ಕೇವಲ ಅಪಘಾತವೆನ್ನುವುದು ಸ್ಥೂಲದೃಷ್ಟಿ. ಸೂಕ್ಷ್ಮದೃಷ್ಟಿಗೆ ಅದು ದಾಯಾದಿಕಲಹ. ಕುಲದ ಹಿರಿಯನು, ಕುಲುಮೆಯನ್ನು ಹೊಕ್ಕು ನಯನಾಜೂಕು ಕಲಿತುಬಂದ ಕಿರಿಯನಿಗೆ ಒಂದೇಟು ಕೊಟ್ಟು ಹೋಗಿದ್ದಾನೆ.

ಏಟಿನ ಪರಿಣಾಮವನ್ನು ಶಾಸ್ತ್ರೀಯವಾಗಿ ವಿಂಗಡಿಸಬೇಕು. ವಿಗ್ರಹದ ಉಪಾಂಗವು ಮುಕ್ಕಾದರೆ ಸರಿಪಡಿಸಿ ಪೂಜಿಸಬಹುದು, ಪ್ರಧಾನಾಂಗವು ಭಿನ್ನವಾದರೆ ವಿಸರ್ಜಿಸಬೇಕು ಎಂಬ ಆಗಮನ್ಯಾಯವು ಇಲ್ಲಿಯೂ ಅನ್ವಯಿಸುತ್ತದೆ. ನಾಣ್ಯದಗಲಕ್ಕಿಂತ ಕಿರಿದಾದ ಗಾಯವಾದರೆ ಅದರೊಳಗಣ ಗಾಳಿಯನ್ನು ಹೀರಿ ತೆಗೆದು, ದ್ರವರಾಳವನ್ನು ತುಂಬಿ, ಅತಿನೇರಳೆ ಬೆಳಕಿನಿಂದ ಗಟ್ಟಿಗೊಳಿಸಿ ಉಳಿಸಿಕೊಳ್ಳಬಹುದು. ಗಾಯವು ಬಿರುಕಾಗಿ ಅಂಚನ್ನು ಮುಟ್ಟಿದಲ್ಲಿ, ಅಥವಾ ಕ್ಯಾಮರಾದ ನೋಟಕ್ಕೆ ಅಡ್ಡ ಬಂದಲ್ಲಿ, ವಿಸರ್ಜನೆಯೇ ಗತಿ. ನಾಳೆ ನೋಡೋಣವೆನ್ನುವ ಗೃಹಸ್ಥನ ಉಪಯೋಗಾರ್ಥವಾಗಿ ನಾವೇ ರಚಿಸಿದ ಸೂತ್ರವೊಂದನ್ನು ಇಲ್ಲಿ ಕೊಡುತ್ತೇವೆ: ಬಿರುಕು ಬೆಳೆದಂತೆ ಬಿಲ್ಲು ಬೆಳೆಯುವುದು. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಒಳಗಿನಿಂದ ಎಸಿಯ ತಣ್ಣನೆಯ ಗಾಳಿಯನ್ನು ಬಿಟ್ಟವನಿಗೆ ಇದರ ಭಾಷ್ಯವು ಬೇಕಾಗುವುದಿಲ್ಲ.

ಉದ್ವಾಸನ ಪ್ರಕರಣ

ಹಳೆಯ ಬಿಂಬವನ್ನು ಎಬ್ಬಿಸುವ ಮುನ್ನ ಅದರಲ್ಲಿ ನೆಲೆಸಿದ ಶಕ್ತಿಗಳನ್ನು ಬಾಲಾಲಯವೆಂಬ ತಾತ್ಕಾಲಿಕ ನೆಲೆಗೆ ಕಳುಹಿಸಬೇಕೆಂಬುದು ವಿಧಿ. ಅಂತೆಯೇ ಕನ್ನಡಿಯ ಹಿಂದಣ ಕವಚವನ್ನು ಬಿಚ್ಚಿ, ಕ್ಯಾಮರಾವನ್ನೂ ಸಂವೇದಕಗಳನ್ನೂ ಒಂದು ತಟ್ಟೆಯಲ್ಲಿ ಬಟ್ಟೆ ಹಾಸಿ ಇರಿಸತಕ್ಕದ್ದು. ತರುವಾಯ ತಂತಿಯಿಂದಲೋ ಉದ್ದಲಗಿನ ಕತ್ತಿಯಿಂದಲೋ ಸುತ್ತಲ ಅಂಟನ್ನು ಕೊಯ್ದು ಗಾಜನ್ನು ಎತ್ತುತ್ತಾರೆ.

ಬಾಲಾಲಯದ ಯೋಗವಿಲ್ಲದೆ ಗಾಜಿನೊಡನೆ ಸಹಗಮನ ಮಾಡುವ ವಸ್ತುಗಳೂ ಕೆಲವಿವೆ. ಫಾಸ್ಟ್ಯಾಗ್ ಅವುಗಳಲ್ಲಿ ಮುಖ್ಯವಾದುದು. 2021ರ ಫೆಬ್ರುವರಿಯಿಂದ ನಾಲ್ಕು ಚಕ್ರದ ವಾಹನಗಳಿಗೆ ಕಡ್ಡಾಯವಾದ ಈ ಚೀಟಿಯನ್ನು ಕಿತ್ತರೆ ಅದರೊಳಗಿನ ಆಂಟೆನಾ ಹರಿದು ಪ್ರಾಣಬಿಡುತ್ತದೆ. ಖಾತೆಯಲ್ಲಿ ಹಣವು ಉಳಿದಿರುತ್ತದೆ, ಆದರೆ ಅದನ್ನು ಧರಿಸುವ ದೇಹವಿರುವುದಿಲ್ಲ. ಹೊಸ ದೇಹವನ್ನು ಪಡೆಯದೆ ಟೋಲ್ ದ್ವಾರಕ್ಕೆ ಹೋಗುವವನು ಹೆಚ್ಚಿನ ಶುಲ್ಕವನ್ನು ತೆರಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಚೀಟಿ, ಕಚೇರಿಯ ಚೀಟಿ, ಮೂಲೆಯಲ್ಲಿ ಅಂಟಿಸಿದ ಮನೆದೇವರ ಚಿತ್ರ, ಆಯುಧಪೂಜೆಯಂದು ಬಳಿದ ಅರಿಸಿನ ಕುಂಕುಮದ ಶೇಷ ಇವೂ ಜೊತೆಯಲ್ಲಿಯೇ ತೆರಳುತ್ತವೆ. ಮುಂಗಾಜಿನ ಮೂಲಕ ಶೇಕಡಾ 70ಕ್ಕೆ ಕಡಿಮೆಯಾಗದಂತೆ ಬೆಳಕು ಹಾಯಬೇಕೆಂದು ವಿಧಿಸಿರುವ ಮೋಟಾರು ವಾಹನ ನಿಯಮಕಾರರು ಇಷ್ಟು ದೇವತೆಗಳ ಸಾನ್ನಿಧ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಅಷ್ಟಬಂಧ ಪ್ರಕರಣ

ಬಿಂಬವು ಪೀಠದಲ್ಲಿ ಅಲುಗದೆ ನಿಲ್ಲಲು ಅರಗು, ರಾಳ, ಜೇನುಮೇಣ, ಬೆಣ್ಣೆ ಮೊದಲಾದ ಎಂಟು ದ್ರವ್ಯಗಳನ್ನು ಕುಟ್ಟಿ ಸಿದ್ಧಪಡಿಸುವ ಅಷ್ಟಬಂಧವನ್ನು, ಕರಾವಳಿಯ ಬ್ರಹ್ಮಕಲಶೋತ್ಸವಗಳನ್ನು ಕಂಡವರು ಬಲ್ಲರು. ರಥದ ಗಾಜಿಗೆ ಇದರ ಸ್ಥಾನದಲ್ಲಿ ಪಾಲಿಯುರೆಥೇನ್ ಎಂಬ ಕಪ್ಪುಬಣ್ಣದ ಲೇಹ್ಯವಿದೆ. ಮೊದಲು ಚೌಕಟ್ಟನ್ನು ಶುದ್ಧಿಗೊಳಿಸಿ, ಪ್ರೈಮರೆಂಬ ಪೂರ್ವಲೇಪವನ್ನು ಬಳಿದು, ಬಳಿಕ ಈ ಲೇಹ್ಯವನ್ನು ಎಲ್ಲಿಯೂ ತುಂಡಾಗದ ಧಾರೆಯಾಗಿ ಸುರಿದು ಗಾಜನ್ನು ಇಳಿಸತಕ್ಕದ್ದು. ಗಾಜಿನ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿಯನ್ನು ಅಲಂಕಾರವೆಂದು ಭ್ರಮಿಸಬಾರದು. ಬಿಸಿಲಿನ ಅತಿನೇರಳೆ ಕಿರಣಗಳು ಈ ಬಂಧವನ್ನು ಕೆಡಿಸದಂತೆ ಕಾಯುವ ಸೆರಾಮಿಕ್ ತೆರೆ ಅದು.

ಈ ಬಂಧವು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ಸ್ವಭಾವದ್ದು. ಆದುದರಿಂದ ಆಷಾಢದ ಮಂಗಳೂರಿನಲ್ಲಿ ಬೇಗನೆಯೂ ಚೈತ್ರದ ಬಳ್ಳಾರಿಯಲ್ಲಿ ನಿಧಾನವಾಗಿಯೂ ಸಿದ್ಧಿಸುವುದು ಸ್ವಾಭಾವಿಕ. ಅದು ಪಕ್ವವಾಗುವವರೆಗೆ ಯಜಮಾನನು ಕೆಲವು ವ್ರತನಿಯಮಗಳನ್ನು ಪಾಲಿಸಬೇಕು: ಗಾಜು ಜಾರದಂತೆ ಅಂಟಿಸಿದ ಪಟ್ಟಿಯನ್ನು ಕೀಳಲಾಗದು, ರಥಕ್ಕೆ ಜಲಾಭಿಷೇಕವನ್ನು ಮಾಡಿಸಲಾಗದು, ಕಿಟಕಿಗಳೆಲ್ಲವನ್ನೂ ಮುಚ್ಚಿ ಬಾಗಿಲನ್ನು ಧಡಾರನೆ ಹಾಕಲಾಗದು. ಕೊನೆಯ ನಿಯಮಕ್ಕೆ ಹೇತುವೇನೆಂದರೆ, ಒಳಗೆ ಒತ್ತಲ್ಪಟ್ಟ ಗಾಳಿಯು ಹಸಿಯಾದ ಬಂಧವನ್ನು ಹೊರಕ್ಕೆ ನೂಕುತ್ತದೆ. ಬಾಗಿಲನ್ನು ಮೆಲ್ಲನೆ ಹಾಕೆಂದು ಮಕ್ಕಳಿಗೆ ಹೇಳಿ ಹೇಳಿ ಸೋತ ತಂದೆಗೆ ಶಾಸ್ತ್ರದ ಬೆಂಬಲವು ದೊರೆಯುವುದು ಈ ಒಂದು ದಿನ ಮಾತ್ರ.

ನೇತ್ರೋನ್ಮೀಲನ ಪ್ರಕರಣ

ಗಾಜು ಕುಳಿತಿತೆಂಬ ಮಾತ್ರಕ್ಕೆ ಬಿಂಬವು ಪೂಜಾರ್ಹವಾಗುವುದಿಲ್ಲ. ಅದರ ಕಣ್ಣು ತೆರೆಯಬೇಕು. ಕ್ಯಾಲಿಬ್ರೇಷನ್ನೆಂದು ಲೌಕಿಕರು ಕರೆಯುವ ಈ ಸಂಸ್ಕಾರವಿಲ್ಲದೆ ರಥದ ಮುನ್ನೆಚ್ಚರಿಕೆಯ ವಿದ್ಯೆಗಳೆಲ್ಲವೂ ಅಂಧವಾಗಿರುತ್ತವೆ, ಇಲ್ಲವೆ ಅದಕ್ಕಿಂತಲೂ ಅಪಾಯಕರವಾಗಿ ತಪ್ಪು ಕಾಣುತ್ತವೆ. ಕ್ಯಾಮರಾದ ನೋಟವು ಕೇವಲ ಒಂದು ಡಿಗ್ರಿಯಷ್ಟು ಓರೆಯಾದರೆ, ನೂರು ಮೀಟರು ದೂರದಲ್ಲಿ ಒಂದೂಮುಕ್ಕಾಲು ಮೀಟರಿನ ಅಂತರವುಂಟಾಗುತ್ತದೆ; ನಮ್ಮ ಹೆದ್ದಾರಿಯ ಲೇನಿನ ಅಗಲವು ಮೂರೂವರೆ ಮೀಟರಾದುದರಿಂದ ರಥವು ಅರ್ಧ ಲೇನಿನಷ್ಟು ಮಿಥ್ಯಾಜ್ಞಾನಕ್ಕೆ ಗುರಿಯಾಗುತ್ತದೆ. ಅರ್ಧ ಲೇನೆಂಬುದು ನಮ್ಮ ಊರುಗಳಲ್ಲಿ ಒಂದು ಆಟೋರಿಕ್ಷಾ ಸಂಸಾರಸಮೇತವಾಗಿ ವಾಸಿಸುವ ಜಾಗ.

ಉನ್ಮೀಲನವು ಸ್ಥಿರ, ಚರ ಎಂದು ಎರಡು ವಿಧ. ಸ್ಥಿರವಿಧಿಯಲ್ಲಿ ಸಮತಟ್ಟಾದ ನೆಲದ ಮೇಲೆ ರಥವನ್ನು ನಿಲ್ಲಿಸಿ, ಅಳೆದ ದೂರದಲ್ಲಿ ಕಪ್ಪುಬಿಳುಪಿನ ಮಂಡಲವೊಂದನ್ನು ಬಿಂಬದ ದೃಷ್ಟಿಗೆ ಹಿಡಿಯುತ್ತಾರೆ. ಚರವಿಧಿಯಲ್ಲಿ ಸ್ಪಷ್ಟವಾದ ಲೇನ್‌ಗೆರೆಗಳುಳ್ಳ ರಸ್ತೆಯಲ್ಲಿ ನಿಯತವಾದ ವೇಗದಿಂದ ಕೊಂಚ ದೂರ ಚಲಿಸಬೇಕು. ಸ್ಪಷ್ಟವಾದ ಗೆರೆ, ನಿಯತವಾದ ವೇಗ ಇವೆರಡೂ ಏಕಕಾಲದಲ್ಲಿ ಬೆಂಗಳೂರಿನಲ್ಲಿ ದೊರೆಯುವುದು ಬ್ರಾಹ್ಮೀಮುಹೂರ್ತದಲ್ಲಿ ಮಾತ್ರವಾದುದರಿಂದ, ವೈದಿಕಾಚಾರದ ಅರಿವೇ ಇಲ್ಲದ ತಂತ್ರಜ್ಞರೂ ಆ ಹೊತ್ತಿಗೆ ಏಳಬೇಕಾಗುತ್ತದೆ. ಕಣ್ಣು ತೆರೆದ ಬಿಂಬಕ್ಕೆ ಮೊದಲು ಕರುವಿನೊಡಗೂಡಿದ ಹಸುವನ್ನು ತೋರಿಸಬೇಕೆಂಬುದು ಆಗಮದ ವಿಧಿ. ನಮ್ಮ ರಸ್ತೆಗಳಲ್ಲಿ ಇದು ಯಾರ ಪ್ರಯತ್ನವೂ ಇಲ್ಲದೆ ನೆರವೇರುತ್ತದೆ.

ಮಳೆಯ ಸಂವೇದಕಕ್ಕೂ ಪುನಃಪ್ರತಿಷ್ಠೆ ಅವಶ್ಯ. ಅದು ಗಾಜಿನೊಳಗೆ ಅವಗೆಂಪು ಬೆಳಕನ್ನು ಹಾಯಿಸಿ, ಹೊರಗೆ ಹನಿ ಬಿದ್ದಲ್ಲಿ ಆ ಬೆಳಕು ಸೋರಿಹೋಗುವುದನ್ನು ಕಂಡು ವೈಪರಿಗೆ ಆಜ್ಞಾಪಿಸುತ್ತದೆ. ಸಂವೇದಕಕ್ಕೂ ಗಾಜಿಗೂ ನಡುವಣ ಜೆಲ್ಲಿನಲ್ಲಿ ಒಂದು ಗುಳ್ಳೆ ಉಳಿದರೂ ಸಾಕು, ಶರತ್ಕಾಲದ ನಿರಭ್ರವಾದ ಆಕಾಶದ ಕೆಳಗೆ ವೈಪರು ತನ್ನಷ್ಟಕ್ಕೆ ಕೈಯಾಡಿಸತೊಡಗುತ್ತದೆ.

ದಕ್ಷಿಣಾ ಪ್ರಕರಣ

ಯಾಗದಲ್ಲಿ ಯಜಮಾನನ ಪಾತ್ರವು ದೂರದಲ್ಲಿ ಕುಳಿತು ದಕ್ಷಿಣೆ ಕೊಡುವುದು. ಸರ್ವಿಸ್ ಸೆಂಟರಿನ ವೆಯ್ಟಿಂಗ್ ರೂಮು ಇದಕ್ಕೆಂದೇ ನಿರ್ಮಿತವಾಗಿದೆ. ವಿಮೆಯ ಧರ್ಮಶಾಸ್ತ್ರವು ಇಲ್ಲಿ ಒಂದು ಸೂಕ್ಷ್ಮತತ್ತ್ವವನ್ನು ಪ್ರತಿಪಾದಿಸುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರು, ನೈಲಾನು, ಪ್ಲಾಸ್ಟಿಕ್ಕುಗಳ ಬೆಲೆಯಲ್ಲಿ ಸವಕಳಿಯೆಂದು ಅರ್ಧವನ್ನು ಕಳೆಯುತ್ತಾರೆ. ಗಾಜಿಗಾದರೋ ಸವಕಳಿಯೇ ಇಲ್ಲ. ಎಂದರೆ ಗಾಜು ಅಜರವಾದುದು, ಆದರೆ ಅಮರವಲ್ಲ. ಅದಕ್ಕೆ ಮರಣವುಂಟು, ಮುಪ್ಪಿಲ್ಲ. ಇದನ್ನು ಕೇಳಿ ಹಿಗ್ಗಿ ಕ್ಲೇಮು ಮಾಡುವ ಯಜಮಾನನು, ವರ್ಷವರ್ಷವೂ ಶೇಕಡಾ 20ರಿಂದ 50ರವರೆಗೆ ಕೂಡಿಬರುವ ನೋ ಕ್ಲೇಮ್ ಬೋನಸ್ಸೆಂಬ ತಪಃಫಲವು ಕ್ಷೀಣಿಸಿಬಿಡುವುದೇ ಎಂಬುದನ್ನು ತನ್ನ ಪಾಲಿಸಿಯಲ್ಲಿ ಮೊದಲು ಓದಿಕೊಳ್ಳತಕ್ಕದ್ದು. ಬೋನಸ್ಸನ್ನು ಉಳಿಸಿಕೊಳ್ಳಲು ಗಾಜಿನ ಹಣವನ್ನು ತಾನೇ ತೆತ್ತವರೂ ಲೋಕದಲ್ಲಿದ್ದಾರೆ. ಅವರನ್ನು ನಿಷ್ಕಾಮಕರ್ಮಿಗಳೆನ್ನಬೇಕೋ ಹೇಗೆಂಬುದು ವಿಚಾರಾರ್ಹವಾದ ಪ್ರಶ್ನೆ.

ಫಲಶ್ರುತಿ

ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವನ ಗಾಜು ಒಡೆಯುವುದಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಗಾಜನ್ನು ಉಳಿಸತಕ್ಕ ಉಪಾಯವು ಲೋಕದಲ್ಲಿ ಒಂದೇ ಒಂದು: ಮುಂದಣ ಲಾರಿಯಿಂದ ದೂರವಾಗಿರುವುದು. ವಿಸ್ಮಯದ ಸಂಗತಿಯೆಂದರೆ, ಯಾವ ಬಿಂಬಕ್ಕೆ ಇಷ್ಟೆಲ್ಲ ವಿಧಿಗಳಿಂದ ಕಣ್ಣು ತೆರೆಯಿಸಿದೆವೋ ಆ ಬಿಂಬವು ಇದನ್ನು ಬಲ್ಲುದು. ಹೆದ್ದಾರಿಗೆ ಬಂದೊಡನೆ ಅದು ಲಾರಿಯನ್ನು ಗುರುತಿಸಿ, ವೇಗವನ್ನು ತಗ್ಗಿಸಿ, ಯೋಗ್ಯವಾದ ಅಂತರವನ್ನು ತಾನಾಗಿಯೇ ಕಲ್ಪಿಸಿಕೊಡುತ್ತದೆ. ಆ ಅಂತರದೊಳಕ್ಕೆ ಮೊದಲು ಒಂದು ಬೈಕು, ಆಮೇಲೆ ಒಂದು ಆಟೋ, ತದನಂತರ ಒಂದು ಖಾಸಗಿ ಬಸ್ಸು ನುಗ್ಗುವುದನ್ನು ಕಂಡ ಯಜಮಾನನು, ತನ್ನ ಪೌರುಷಕ್ಕೆ ಕುಂದುಂಟಾಯಿತೆಂದು ಬಗೆದು, ಗುಂಡಿಯೊಂದನ್ನು ಒತ್ತಿ ಆ ವಿದ್ಯೆಯನ್ನು ಸ್ತಂಭನಗೊಳಿಸಿ, ಜಲ್ಲಿ ಲಾರಿಯ ಬೆನ್ನಿಗೆ ಅಂಟಿಕೊಂಡು ಮುಂದುವರಿಯುತ್ತಾನೆ. ಆದುದರಿಂದ ಈ ಶಾಸ್ತ್ರಕ್ಕೆ ಅಧಿಕಾರಿಗಳ ಅಭಾವವು ಎಂದಿಗೂ ಉಂಟಾಗಲಾರದು.