ಎಷ್ಟು ಬರೀಲಿ ಸಾರ್?

ಗೌರಿ ಹಬ್ಬಕ್ಕೆ ಇನ್ನೂ ಮೂರು ವಾರ ಇರುವಾಗಲೇ ಅರಿಶಿನಕುಂಟೆಯ ಮನೆಗಳ ಗೇಟು ಸದ್ದು ಮಾಡತೊಡಗುತ್ತದೆ. ಒಂದು ತಂಡ ಈ ಬೀದಿಯ ಗಣೇಶನಿಗೆ, ಅದರ ಬೆನ್ನಿಗೇ ಇನ್ನೊಂದು ತಂಡ ಪಕ್ಕದ ಬೀದಿಯ ಇನ್ನೂ ಎತ್ತರದ ಗಣೇಶನಿಗೆ. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ನವೆಂಬರಿನ ರಾಜ್ಯೋತ್ಸವಕ್ಕೆ ಈಗಲೇ ಹೆಸರು ಬರೆಸಿ ಅನ್ನುವವರು ಹಾಜರು. ಪಂಚಾಯಿತಿ ಹೋಗಿ ನೆಲಮಂಗಲ ನಗರಸಭೆ ಬಂದ ಮೇಲೆ ಬಡಾವಣೆಗಳು ಹೆಚ್ಚಿದವು, ಬೀದಿಗೊಂದು ಗೆಳೆಯರ ಬಳಗ ಹುಟ್ಟಿತು, ಬಳಗಕ್ಕೊಂದು ಪೆಂಡಾಲು ಎದ್ದಿತು. ಈ ಸಲ ಅಂಕಣಕಾರರೊಬ್ಬರು ಹುಡುಗರನ್ನು ಜಗಲಿಯಲ್ಲಿ ಕಾಫಿಗೆ ಕೂರಿಸಿ, ಅವರ ಕೈಲಿದ್ದ ಚಂದಾ ಪುಸ್ತಕವನ್ನೇ ಮಾತಿಗೆಳೆದರು.

ನೂರು ಹಾಳೆಯ ಪುಸ್ತಕ. ಮೇಲೆ ದೇವರ ಚಿತ್ರ, ಅದರ ಕೆಳಗೆ ‘ಶ್ರೀ/ಶ್ರೀಮತಿ’ ಎಂದು ಶುರುವಾಗುವ ಚುಕ್ಕಿ ಸಾಲು, ಎಡಕ್ಕೆ ಕೌಂಟರ್‌ಫಾಯಿಲ್, ನಡುವೆ ಹರಿಯಲು ಅನುಕೂಲವಾಗುವ ತೂತುಗಳ ಗೆರೆ. ರಟ್ಟು ಮಡಚಿಹೋಗಿತ್ತು. ಮಾತಿನಲ್ಲಿ ಮಾತ್ರ ಮಡಿಕೆ ಇರಲಿಲ್ಲ.

ಮೊದಲ ಪ್ರಶ್ನೆ ಡಿಜೆ ಬಗ್ಗೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿ ಇರುವಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಇದನ್ನೆಲ್ಲ ಒಪ್ಪಿಸಿ ತಮ್ಮ ಅಭಿಪ್ರಾಯವೇನು ಎಂದು ಕೇಳಿದ್ದಕ್ಕೆ ಪುಸ್ತಕ ಹಾಳೆ ಕೊಡವಿತು.

“ಅದನ್ನ ಡಿಜೆಯವನ್ನೇ ಕೇಳಿ ಸಾರ್. ನನ್ನ ಕೇಳೋದಾದ್ರೆ ಆ ಚೌಕದ ವಿಷಯ ಕೇಳಿ.”

“ಯಾವ ಚೌಕ?”

“ಅಗೋ, ಆ ಹುಡುಗ ಕೊರಳಿಗೆ ತಗುಲಾಕ್ಕೊಂಡವ್ನಲ್ಲ, ಕಪ್ಪು ಬಿಳಿ ಚುಕ್ಕಿ. ಕ್ಯೂಆರ್ ಕೋಡು. 2016ರಲ್ಲಿ ಯುಪಿಐ ಬಂತು, ನನ್ನ ಮಾನ ಅಲ್ಲಿಂದ ಇಳಿಜಾರು. ಮುಂಚೆ ಜನ ನನ್ನ ಮುಂದೆ ಹೆಸರು ಹೇಳ್ತಿದ್ರು, ಇನಿಷಿಯಲ್ ಹೇಳ್ತಿದ್ರು, ‘ಅಕ್ಷರದಲ್ಲಿ ಐನೂರು ಮಾತ್ರ’ ಅಂತ ಬರೆಸ್ತಿದ್ರು. ಪಕ್ಕದ ಮನೆಯೋರು ಎಷ್ಟು ಕೊಟ್ಟವ್ರೆ ಅಂತ ನನ್ನ ಕೌಂಟರ್‌ಫಾಯಿಲ್ ಇಣುಕಿ ನೋಡಿ, ಅವ್ರಿಗಿಂತ ಹತ್ತು ರೂಪಾಯಿ ಜಾಸ್ತಿ ಕೊಡೋರು. ಈಗ ಫೋನು ತೋರಿಸ್ತಾರೆ, ಟಣ್ ಅನ್ನುತ್ತೆ, ಮುಗೀತು. ಆ ಟಣ್ಣಿಗೆ ಕೌಂಟರ್‌ಫಾಯಿಲ್ ಐತಾ?”

ಡಿಜಿಟಲ್ ಪಾವತಿಯಲ್ಲಿ ಎಲ್ಲವೂ ದಾಖಲಾಗುತ್ತದಲ್ಲ ಎಂದು ಅಂಕಣಕಾರರು ವಾದಿಸಿದರು.

“ಆಯ್ತದೆ ಸಾರ್, ಯಾರ ಖಾತೇಲಿ? ಸಂಘದ ಖಾತೆ ಮಲಗಿ ಎಷ್ಟೋ ವರ್ಷ ಆಯ್ತು. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷವರ್ಷ ಪದಾಧಿಕಾರಿಗಳ ಪಟ್ಟಿ, ಜಮಾಖರ್ಚು ಸಲ್ಲಿಸಬೇಕು. ಅದೆಲ್ಲ ಯಾರಿಗೆ ಬೇಕು ಅಂತ ಖಜಾಂಚಿ ತನ್ನ ಸ್ವಂತ ಖಾತೆ ಕೋಡನ್ನೇ ಲ್ಯಾಮಿನೇಷನ್ ಮಾಡಿಸವ್ನೆ. ಗಣೇಶನ ದುಡ್ಡು, ಅವನ ಬೈಕಿನ ಕಂತು ಎರಡೂ ಒಂದೇ ಕಡೆ ಮಲಗ್ತವೆ.”

2025ರ ಜುಲೈ ನೆನಪಾಗಿ ಪುಸ್ತಕದ ಬೆನ್ನು ನೆಟ್ಟಗಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ನೇತಾಡಿದವಲ್ಲ, ಆ ದಿನಗಳು. “ನಮ್ಮ ಕಾಲ ವಾಪಸ್ ಬಂತು ಅನ್ಕೊಂಡೆ. ಎಲ್ಲಿ ಬಂತು? ಚೀಟಿ ಕಿತ್ತಾಕಿ ಮತ್ತೆ ಟಣ್ ಶುರು ಮಾಡ್ಕೊಂಡ್ರು.”

ಫ್ಲೆಕ್ಸ್ ಬಗ್ಗೆ? ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತ್ತಲ್ಲ? “ಫ್ಲೆಕ್ಸಲ್ಲಿ ಮುಖ ಇರೋರ್ನ ಕೇಳಿ.” ಪಿಒಪಿ ಗಣೇಶ? “ಗಣೇಶನ್ನೇ ಕೇಳಿ. ನಾನು ಹೇಳ್ತಿದ್ದುದು ಕೌಂಟರ್‌ಫಾಯಿಲ್ ವಿಷಯ.”

ಇಲ್ಲಿಂದ ಪುಸ್ತಕ ತನ್ನ ವಂಶಾವಳಿ ಬಿಚ್ಚಿತು. 1893ರಲ್ಲಿ ಪುಣೆಯಲ್ಲಿ ತಿಲಕರು ಗಣೇಶನನ್ನು ಮನೆಯಿಂದ ಬೀದಿಗೆ ತಂದಾಗಿನಿಂದ ತಮ್ಮ ಕುಲದವರಿಗೆ ಕೈತುಂಬ ಕೆಲಸವಂತೆ. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ ಕೂಡಿಸಿದ್ದು ರಸೀದಿ ಹರಿದೇ ಅಂತೆ. 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ಚೇತರಿಸಿಕೊಂಡು ಇಳಿದವರೇ ಮೈಸೂರು ಸಂಸ್ಥಾನದ ಊರೂರಿನಲ್ಲಿ ಖಾದಿ ನಿಧಿಗೆ ಜೋಳಿಗೆ ಹಿಡಿದರು, ದೇವನಹಳ್ಳಿ ಕಡೆಯ ತಮ್ಮ ನೆಂಟರೆಲ್ಲ ಆಗ ಅದೇ ಸೇವೆಯಲ್ಲಿದ್ದರು ಎಂಬುದು ಪುಸ್ತಕದ ಹೇಳಿಕೆ. ಅಮೆರಿಕದ ಕಥೆಯೂ ಅದಕ್ಕೆ ಗೊತ್ತಿತ್ತು. 1885ರಲ್ಲಿ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ದುಡ್ಡು ಸಾಲದೆ ಹೋದಾಗ ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ಜನರ ಮುಂದೆ ಕೈಚಾಚಿದ. ಎಷ್ಟೇ ಕಡಿಮೆ ಕೊಟ್ಟರೂ ಹೆಸರು ಅಚ್ಚು ಹಾಕುತ್ತೇನೆ ಎಂದ, ಹಾಕಿದ. ಲಕ್ಷಕ್ಕೂ ಹೆಚ್ಚು ಜನರಿಂದ ಲಕ್ಷ ಡಾಲರಿಗೂ ಹೆಚ್ಚು ಬಂತು.

“ನೋಡಿ ಸಾರ್, ಹೆಸರು ಬರೆದ್ರೆ ದುಡ್ಡು ಬರ್ತದೆ. ಲೆಕ್ಕ ತೋರಿಸಿದ್ರೆ ಮುಂದಿನ ವರ್ಷಾನೂ ಬರ್ತದೆ. ಚಾಮರಾಜಪೇಟೆ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರುವಾಯ್ತು. ಇವತ್ತಿಗೂ ರಾಮನವಮಿಗೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಪೆಂಡಾಲ್ ಹಾಕಿ ಸಂಗೀತ ಕೇಳಿಸ್ತಾರೆ. ಸುಮ್ನೆ ನಡೀತದಾ?”

“ಗಾಂಧೀಜಿಯ ಆ ಸಭೆಗಳಿಗೆ ಬಂದ ಹೆಂಗಸರಿಗೆ ಶೌಚಾಲಯದ ವ್ಯವಸ್ಥೆ ಇತ್ತೇ?” ಎಂದು ಅಂಕಣಕಾರರು ಥಟ್ಟನೆ ಕೇಳಿದರು.

ಇವರ ಓದುಗರಿಗೆ ಇದು ಹೊಸದಲ್ಲ. ಎತ್ತಿನಹೊಳೆ ಬಗ್ಗೆ ಬರೆದರೂ ಮೂರನೇ ಪ್ಯಾರಾಕ್ಕೆ ಶೌಚಾಲಯ ಬರುತ್ತದೆ. ಪುಸ್ತಕ ಮಿಕಿಮಿಕಿ ನೋಡುತ್ತಿದ್ದಂತೆ ಅವರು ಮುಂದುವರಿಸಿದರು. ಬಯಲು ಕಾರ್ಯಕ್ರಮ ಎಂದರೆ ಸಂಜೆ 4ಕ್ಕೆ ರಂಗೋಲಿ ಸ್ಪರ್ಧೆ, 6ಕ್ಕೆ ಎಂದು ಅಚ್ಚು ಹಾಕಿಸಿದ ಉದ್ಘಾಟನೆ 8ಕ್ಕೆ, ಗಣ್ಯರ ಸನ್ಮಾನ ಮುಗಿದು ಮಕ್ಕಳ ಡ್ಯಾನ್ಸು 10ಕ್ಕೆ. ಮಗಳ ಡ್ಯಾನ್ಸು ನೋಡದೆ ತಾಯಿ ಏಳುವಂತಿಲ್ಲ. ಅಷ್ಟು ಹೊತ್ತು ಆಕೆ ಎಲ್ಲಿಗೆ ಹೋಗಬೇಕು? ಮಾದಾವರದ ವಸ್ತುಪ್ರದರ್ಶನ ಕೇಂದ್ರಕ್ಕೆ ಮೆಟ್ರೊನೂ ಬಂತು, ಅಲ್ಲಿ ಕಂಪನಿಗಳ ಮೇಳಕ್ಕೆ ಬರುವವರಿಗೆ ಹೊಳೆಯುವ ಶೌಚಾಲಯಗಳಿವೆ. ಅಲ್ಲಿಂದ ಸ್ವಲ್ಪವೇ ದೂರದ ಈ ಊರಿನ ಪೆಂಡಾಲಿನಲ್ಲಿ ಗಣ್ಯರಿಗೆ ಸೋಫಾ ಬಾಡಿಗೆಗೆ ಬರುತ್ತದೆ, ಕೃತಕ ಹೊಗೆ ಬಿಡುವ ಯಂತ್ರ ಬರುತ್ತದೆ. ಬಾಡಿಗೆಗೇ ಸಿಗುವ ಮೊಬೈಲ್ ಟಾಯ್ಲೆಟ್ ಮಾತ್ರ ಯಾಕೆ ಬರುವುದಿಲ್ಲ?

“ಸಾರ್, ಇದು ಪ್ರಶ್ನೆನಾ, ಭಾಷಣನಾ?” ಎಂದಿತು ಪುಸ್ತಕ. “ಹಾಸ್ಯದ ಸಂದರ್ಶನ ಅಂದಿದ್ರಿ.”

ಅಂಕಣಕಾರರು ತುಸು ನಾಚಿ, ಮೆರವಣಿಗೆಯ ಬಗ್ಗೆ ಹಗುರಾದ ಪ್ರಶ್ನೆಯೊಂದನ್ನು ಎಸೆದರು. ಟ್ರ್ಯಾಕ್ಟರ್ ಮೇಲೆ ಕೂತು ತುಮಕೂರು ರಸ್ತೆಯನ್ನೇ ಅರ್ಧ ಗಂಟೆ ನಿಲ್ಲಿಸುವ ಗಣೇಶನಿಗೆ ಟೋಲ್ ಕಟ್ಟಿಸಬಾರದೇ?

ಪುಸ್ತಕ ನಗಲಿಲ್ಲ.

“2025ರ ಸೆಪ್ಟೆಂಬರ್ 12 ನೆನಪೈತಾ ಸಾರ್? ಹಾಸನದ ಮೊಸಳೆಹೊಸಹಳ್ಳಿ. ಗಣೇಶನ ಮೆರವಣಿಗೆ ಮೇಲೆ ಲಾರಿ ನುಗ್ತು. ಸತ್ತೋರು ಒಂಬತ್ತಕ್ಕಿಂತ ಕಮ್ಮಿ ಅಲ್ಲ, ಅದ್ರಲ್ಲಿ ಓದೋ ಹುಡುಗ್ರೇ ಬಹಳ. ಲಾರಿಯವನ್ದೇ ತಪ್ಪು ಅನ್ನಿ, ಬೇಡ ಅನ್ನಲ್ಲ. ಆದ್ರೆ ನಮ್ಮೂರ ಮುಂದೆ ಹೋಗೋದು ಹೆದ್ದಾರಿನೇ. ನೆಲಮಂಗಲದಲ್ಲಿ ಒಂದು ಕವಲು ತುಮಕೂರಿಗೆ, ಒಂದು ಹಾಸನಕ್ಕೆ. ರಾತ್ರಿಯೆಲ್ಲ ಲಾರಿ. ಅದರ ಅಂಚಿನಲ್ಲಿ ನಮ್ಮ ಹುಡುಗ್ರು ಕಪ್ಪು ಟೀ ಶರ್ಟ್ ಹಾಕ್ಕೊಂಡು, ಡಿಜೆ ಸದ್ದಲ್ಲಿ ಹಾರನ್ ಕೇಳದ ಹಂಗೆ ಕುಣೀತಾರೆ. ನನ್ನ ಹಿಂದಿನ ವರ್ಷದ ಅಣ್ಣನ ಹಾಳೆ ತಿರುಗಿಸಿ ನೋಡಿ. ಪಟಾಕಿಗೆ ಐತೆ, ಪೇಟಕ್ಕೆ ಐತೆ, ಶಾಲಿಗೆ ಐತೆ, ಡ್ರೋನ್ ಕ್ಯಾಮೆರಾಕ್ಕೆ ಐತೆ. ಹಗ್ಗಕ್ಕೆ ಇಲ್ಲ. ಹಿಂದೆ ಹಿಡಿಯೋ ಕೆಂಪು ದೀಪಕ್ಕೆ ಇಲ್ಲ. ಬೆಳಕಿಗೆ ಹೊಳೆಯೋ ಜಾಕೆಟ್ಟು ನಾಲ್ಕು ಹುಡುಗ್ರಿಗೆ ಹಾಕೋಕ್ಕೆ ಇಲ್ಲ. ಅದೇ ವರ್ಷ ಜೂನ್ 4ಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ 11 ಜನ ಸತ್ರು, ಜನಸಂದಣಿ ನಿಯಂತ್ರಣಕ್ಕೆ ಅಂತ ಮಸೂದೆ ತಂದ್ರು. ಒಂದು ಮಾರು ಹಗ್ಗ ತರೋಕ್ಕೂ ಮಸೂದೆ ಬೇಕಾ? ಮನೆಮನೆ ಬಾಗಿಲಲ್ಲಿ ನಿಂತು ನಾನೇ ಎತ್ತಿದ ದುಡ್ಡು ಅದು. ಆ ಮಕ್ಕಳ ಅಮ್ಮಂದಿರ ಕೈಯಿಂದ ಎತ್ತಿದ್ದು.”

ಅಂಕಣಕಾರರು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಆ ಅಮ್ಮಂದಿರೇ ಸಂಜೆಯಿಂದ ನೀರು ಕುಡಿಯದೆ ಕೂತಿರುತ್ತಾರೆ, ಸಕ್ಕರೆ ಕಾಯಿಲೆ ಇದ್ದವರೂ ಕುಡಿಯುವುದಿಲ್ಲ ಎಂದರು. ಈ ಬಾರಿ ಪುಸ್ತಕ ಭಾಷಣ ಎನ್ನಲಿಲ್ಲ.

ಹಿಂದಿನ ವರ್ಷದ ಜಮಾಖರ್ಚು ಪಟ್ಟಿ ಒಳಗೆ ಮಡಚಿಟ್ಟಿತ್ತು. ಪೆಂಡಾಲು, ಡಿಜೆ, ಮೂರ್ತಿ, ಅನ್ನಸಂತರ್ಪಣೆ. ಇವೆಲ್ಲಕ್ಕಿಂತ ಉದ್ದನೆಯ ಅಂಕಿ ಕಡೆಯ ಸಾಲಿನಲ್ಲಿ, ‘ಇತರೆ’ ಎಂಬುದರ ಎದುರು.

“ಇತರೆ ಅಂದರೆ?”

“ಕೇಳಬ್ಯಾಡಿ ಅಂತ.”

ಹೊಸ ಅಪಾರ್ಟ್‌ಮೆಂಟಿನವರೊಬ್ಬರು 80ಜಿ ವಿನಾಯಿತಿ ಕೇಳಿದ ಪ್ರಸಂಗವನ್ನು ಪುಸ್ತಕ ಮತ್ತೆ ಹುರುಪಿನಿಂದ ಹೇಳಿತು. ನೋಂದಾಯಿತ ಸಂಸ್ಥೆಗೆ ಕೊಟ್ಟರೂ 2,000 ರೂಪಾಯಿ ದಾಟಿದ ನಗದಿಗೆ ಆ ವಿನಾಯಿತಿ ಇಲ್ಲ. ಈ ಬಳಗಕ್ಕಂತೂ ನೋಂದಣಿಯೇ ಜೀವಂತವಿಲ್ಲ. ಹುಡುಗರು ಪರಸ್ಪರ ಮುಖ ನೋಡಿಕೊಂಡು, ‘ಪ್ರಸಾದ ಎರಡು ಪ್ಯಾಕೆಟ್ ಕೊಡ್ತೀವಿ ಅಂಕಲ್’ ಎಂದರಂತೆ. 5,000 ದಾಟಿದ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಬೇಕೆಂಬ ನಿಯಮವನ್ನು ಎತ್ತುವಷ್ಟರಲ್ಲಿ ಕಾಫಿ ಲೋಟಗಳು ಖಾಲಿಯಾದವು. ಗುಂಪಿನ ಹಿರಿಯ ಹುಡುಗ ಪುಸ್ತಕವನ್ನು ಕಿತ್ತುಕೊಂಡು, ಪೆನ್ನಿನ ಮುಚ್ಚಳ ಹಲ್ಲಿನಲ್ಲೇ ತೆಗೆದ.

“ಎಷ್ಟು ಬರೀಲಿ ಸಾರ್?”

“ಸಾವಿರ. ಆದರೆ ಹೆಂಗಸರ ಟಾಯ್ಲೆಟ್ಟಿಗೆ, ಹಗ್ಗಕ್ಕೆ, ದೀಪಕ್ಕೆ ಮಾತ್ರ. ಹಾಗಂತಲೇ ಬರೆಯಬೇಕು.”

ಹುಡುಗ ರಸೀದಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದ. ಪಕ್ಕದವನು ಆಗಲೇ ಕೊರಳಿನ ಚೌಕವನ್ನು ಮುಂದೆ ಹಿಡಿದಿದ್ದ.

“ಅದಕ್ಕೆ ಜಾಗ ಇಲ್ವಲ್ಲ ಸಾರ್. ಇತರೆ ಅಂತ ಹಾಕ್ಲಾ?”