ಏರಿಯಲ್ಲಿಗೆ ಉಪಚಾರ

ಬಡಿಸುವವನು ಎಷ್ಟೇ ಉದಾರಿಯಾಗಿರಲಿ, ಎಲೆಯ ಮುಂದೆ ಕುಳಿತವನು ಎರಡೂ ಕೈಗಳನ್ನು ಅಡ್ಡವಿಟ್ಟು ‘ಸಾಕು, ಸಾಕು’ ಎಂದುಬಿಟ್ಟರೆ ಹೋಳಿಗೆಯು ಬಂದ ದಾರಿಯಲ್ಲಿಯೇ ಅಡಿಗೆಮನೆಗೆ ಹಿಂದಿರುಗಬೇಕಾಗುತ್ತದೆಂಬ ಲೋಕಾನುಭವವನ್ನು, ಬಾಲ್ಯದಿಂದಲೂ ಮದುವೆಯ ಊಟಗಳಲ್ಲಿ ಪಳಗಿದವನಾದರೂ ನಾನು ಶಾಸ್ತ್ರೋಕ್ತವಾಗಿ ಅರಿತುಕೊಂಡದ್ದು, ಹವ್ಯಾಸಿ ರೇಡಿಯೋ ಪರವಾನಿಗೆಯನ್ನು ಪಡೆದು ಮಾಳಿಗೆಯ ಮೇಲೆ ಏರಿಯಲ್ ಕಟ್ಟಿದ ಬಳಿಕವೇ.

ನನ್ನ ಪ್ರೇಷಕದ ಕೊನೆಯಲ್ಲಿ 807 ಎಂಬ ವಾಲ್ವೊಂದಿದೆ. ಸುಮಾರು 600 ವೋಲ್ಟಿನ ಆವೇಶ, ಕೊಡುವ ವಿದ್ಯುತ್ತು ಮಾತ್ರ ಒಂದು ಆಂಪಿಯರಿನ ಹತ್ತನೆಯ ಒಂದಂಶ. ಅದರ ಮನಸ್ಸಿಗೊಪ್ಪುವ ಹೊರೆಯು 3,000 ಓಮಿನ ಆಸುಪಾಸಿನದು. ಏರಿಯಲ್ಲಾದರೋ ಮೆಲುದನಿಯಲ್ಲಿ ಕೇಳಿ ಧಾರಾಳವಾಗಿ ಬಡಿಸಬೇಕೆನ್ನುವ 50 ಓಮಿನ ಸೌಮ್ಯಜೀವಿ. ಇವರಿಬ್ಬರ ನಡುವೆ ಸಂಧಾನ ನಡೆಸಲು ಎರಡು ಕಂಡೆನ್ಸರುಗಳೂ ಒಂದು ತಾಮ್ರದ ಸುರುಳಿಯೂ ಕೂಡಿದ, ಗ್ರೀಕರ ‘ಪೈ’ ಅಕ್ಷರದ ಆಕಾರದಿಂದ ಹೆಸರುಗೊಂಡ ಮಂಡಲವೊಂದುಂಟು. ಮೊದಲನೆಯ ಕಂಡೆನ್ಸರನ್ನು ತಿರುಗಿಸಿ ಮೀಟರಿನ ಮುಳ್ಳನ್ನು ತಗ್ಗಿಗಿಳಿಸಬೇಕು. ಹಳೆಯ ರೇಡಿಯೋದಿಂದ ಕಿತ್ತು ತಂದ ಗ್ಯಾಂಗ್ ಕಂಡೆನ್ಸರೆಂಬ ಎರಡನೆಯದನ್ನು ಮುಟ್ಟಿದೊಡನೆ ಮೊದಲನೆಯದು ಮುನಿಯುತ್ತದೆ. ಅದನ್ನು ರಮಿಸುವಷ್ಟರಲ್ಲಿ ಇದು. ಈ ಉಭಯಸಂಕಟದಲ್ಲಿ ತುಸು ತಡವಾದರೂ ವಾಲ್ವಿನ ಪ್ಲೇಟು ಕೋಪದಿಂದಲ್ಲ, ನಿಜವಾಗಿಯೇ ಕೆಂಪೇರುತ್ತದೆ.

ಇಷ್ಟನ್ನೂ ಕಲಿತೆನು. ಉಳಿದದ್ದು ತಂತಿ. 7 ಮೆಗಾಹರ್ಟ್ಸಿಗೆ ಸುಮಾರು 20 ಮೀಟರು ಬೇಕು. ನೇರವಾಗಿ ಎತ್ತರದಲ್ಲಿ ಕಟ್ಟಿದರೆ 70 ಓಮಿನ ಮೇಲೆ ಬಿಂಕ ತೋರುವ ಅದನ್ನು ಬಿದಿರಿನ ತುದಿಯಿಂದ ಎರಡು ಕಡೆಗೂ ಇಳಿಬಿಟ್ಟರೆ 50ರ ಹತ್ತಿರಕ್ಕೆ ಬಾಗುತ್ತದೆಂದು ಹಿರಿಯ ಹವ್ಯಾಸಿಯೊಬ್ಬರು ಹೇಳಿದ್ದರು. ತುದಿಗಳನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಸರಿಹೊಂದಿಸು ಎಂಬ ಅವರ ಉಪದೇಶದಲ್ಲಿ ‘ಕತ್ತರಿಸು’ ಎಂಬುದನ್ನು ಮಾತ್ರ ಶ್ರದ್ಧೆಯಿಂದ ಪಾಲಿಸಿದ ನಾನು ಎರಡೂ ಬದಿಗಳಲ್ಲಿ ಗೇಣುದ್ದ ಹೆಚ್ಚಾಗಿಯೇ ಕತ್ತರಿಸಿಬಿಟ್ಟೆನು. ಸ್ಥಾಯಿ ಅಲೆಯ ಮೀಟರು 2 ಎಂದಿತು. ಎಂದರೆ ಕಳುಹಿದ ಶಕ್ತಿಯಲ್ಲಿ ಒಂಬತ್ತನೆಯ ಒಂದು ಪಾಲು ‘ಸಾಕು’ ಎಂದು ಹಿಂದಿರುಗುತ್ತಿತ್ತು. ಇದು ಗಣನೀಯ ನಷ್ಟವೇನಲ್ಲ. ಮೀಟರಿಲ್ಲದವರು ಇದರ ಇಮ್ಮಡಿಯನ್ನು ಕಳೆದುಕೊಂಡೂ ಸುಖವಾಗಿ ನಿದ್ರಿಸುತ್ತಾರೆ. 1935ರಲ್ಲಿ ಪ್ರಾಧ್ಯಾಪಕ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯೆಂಬ ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ಕೇವಲ 30 ವಾಟಿನಿಂದ ಎಂದು ಸಮಾಧಾನ ಹೇಳಿಕೊಂಡರೂ ಆ ಒಂಬತ್ತನೆಯ ಪಾಲು ನನ್ನ ಎದೆಯಲ್ಲಿ ಚುಚ್ಚುತ್ತಲೇ ಇದ್ದಿತು.

ಹೀಗಿರಲು ಒಂದು ಬೆಳಿಗ್ಗೆ ಮುಳ್ಳು ತಾನಾಗಿಯೇ 1.2ಕ್ಕೆ ಇಳಿದಿತ್ತು. ನನ್ನ ಸಾಧನೆಯೆಂದೇ ಬಗೆದು ಹಿಗ್ಗಿ, ಊರೂರಿನ ಮಿತ್ರರಿಗೆಲ್ಲ ಸಾರಿದೆನು. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಮರಳಿ 2ಕ್ಕೇರಿತ್ತು. ಮೂರು ದಿನ ಇದೇ ಲೀಲೆ. ನಾಲ್ಕನೆಯ ದಿನ ಮಾಳಿಗೆಯನ್ನು ಹತ್ತಿ ನೋಡುತ್ತೇನೆ: ಕೈಪಿಡಿಗೋಡೆಯವರೆಗೆ ಇಳಿದಿದ್ದ ತಂತಿಯ ಎರಡು ತುದಿಗಳಲ್ಲೂ ನನ್ನಾಕೆಯ ಒದ್ದೆ ಸೀರೆಗಳು! ತುದಿಯೆಂದರೆ ವೋಲ್ಟಿನ ಏರು ಇರುವ ಸ್ಥಳ. ಅಲ್ಲಿ ನೀರುಂಡ ಬಟ್ಟೆ ಜೋತುಬಿದ್ದರೆ ತಂತಿಯು ಉದ್ದವಾದಂತೆಯೇ ಸರಿ. ನಾನು ಕತ್ತರಿಸಿದ್ದನ್ನು ಆಕೆ ಅರಿಯದೆಯೇ ತುಂಬಿಕೊಟ್ಟಿದ್ದಳು. ಮೀಟರಿನ ಆ ಪ್ರಸನ್ನತೆಯಲ್ಲಿ ಒಂದು ಪಾಲು ನನ್ನ ಶಕ್ತಿಯು ಆಕಾಶಕ್ಕೇರದೆ ಸೀರೆಯನ್ನು ಒಣಗಿಸಿದ್ದರ ಫಲವೆಂಬುದನ್ನು ಮಾತ್ರ ಮಿತ್ರರಿಗೆ ನಾನು ಹೇಳಲಿಲ್ಲ.

ಪ್ರಸಾರದ ಹೊತ್ತಿನಲ್ಲಿ ಆ ತಂತಿಯನ್ನು ಮುಟ್ಟಿದರೆ ಕೈ ಸುಟ್ಟೀತೆಂದು ಗದರಿದೆನಾದರೂ, ಬೇರೆ ಹಗ್ಗ ಕಟ್ಟಿಕೊಡುತ್ತೇನೆಂಬ ಮಾತು ಏಕೋ ಬಾಯಿಂದ ಹೊರಡಲಿಲ್ಲ. ಆಕೆಗೆ ಅಷ್ಟೇ ಸಾಕಾಯಿತು. ಈಚೆಗೆ ನಾನು ಸೆಟ್ಟಿನ ಮುಂದೆ ಕುಳಿತುಕೊಳ್ಳುವ ಮುನ್ನ ಅಡಿಗೆಮನೆಯಿಂದ ಪ್ರಶ್ನೆ ಬರುತ್ತದೆ:

“ಏನ್ರೀ, ಇವತ್ತು ಒಗೆಯೋ ಬಟ್ಟೆ ಇಲ್ಲ; ಕಂಬಳಿ ನೆನೆಸಿಕೊಡಲೇ?”