ಕಾಡಿಗೆ ಹೋದವನ ಖರ್ಚುವೆಚ್ಚ

ನಾಗರಿಕತೆ ಸಾಕಾಗಿ ಹೊರಟವನು ಟಿಕೆಟ್ಟಿಗೆ ಸರ್ಕಾರಿ ರಿಯಾಯಿತಿ ಕೇಳುತ್ತಾನೆಯೆ? ಚಿತ್ರಕಾರ ಪಾಲ್ ಗೋಗ್ಯಾಂ ಕೇಳಿದ. ಸಿಕ್ಕಿತು ಕೂಡ.

1891ರಲ್ಲಿ ಅವನು ಪ್ಯಾರಿಸ್ ಬಿಟ್ಟು ಟಹೀಟಿ ದ್ವೀಪಕ್ಕೆ ಹೊರಟಾಗ ಕೈಯಲ್ಲಿ ಎರಡು ಇದ್ದವು. ಚಿತ್ರಗಳನ್ನು ಹರಾಜು ಹಾಕಿ ಬಂದ ದುಡ್ಡು ಒಂದು. ದ್ವೀಪದ ಜನಜೀವನವನ್ನು ಚಿತ್ರಿಸಿಕೊಂಡು ಬಾ ಎಂದು ಫ್ರೆಂಚ್ ಸರ್ಕಾರ ಕೊಟ್ಟ ಕಾಗದ ಇನ್ನೊಂದು. ಋಷಿಮುನಿಗಳಿಗೆ ಈ ಸೌಲಭ್ಯ ಇರಲಿಲ್ಲ, ಪಾಪ.

ಹಿಂದೆ ಅವನು ಷೇರುಪೇಟೆಯ ಮನುಷ್ಯ. 1882ರಲ್ಲಿ ಪೇಟೆ ಬಿತ್ತು. ಆಮೇಲೆ ಕಲೆ ಎದ್ದಿತು. ಡೆನ್ಮಾರ್ಕಿನ ಹೆಂಡತಿ ಮೆಟ್ಟೆ ಐದು ಮಕ್ಕಳನ್ನು ಕಟ್ಟಿಕೊಂಡು ಕೋಪನ್‌ಹೇಗನ್ನಿನಲ್ಲಿ ಫ್ರೆಂಚ್ ಪಾಠ ಹೇಳಿ ಸಂಸಾರ ತೂಗಿಸಿದಳು. ಅವಳು ಮಾಡಿದ್ದು ಜೀವನ. ಇವನು ಮಾಡಿದ್ದು ಸಾಧನೆ. ಪುಸ್ತಕ ಬರೆಯುವವರ ತಕ್ಕಡಿ ಯಾವತ್ತೂ ಹೀಗೇ.

ಇಷ್ಟೆಲ್ಲ ಮಾಡಿ ಟಹೀಟಿಗೆ ಹೋಗಿ ಇಳಿದರೆ, ನಾಗರಿಕತೆ ಇವನಿಗಿಂತ ಮೊದಲೇ ಬಂದು ಕೂತಿತ್ತು. 1880ರಿಂದಲೇ ಅದು ಫ್ರೆಂಚರ ವಸಾಹತು. ರಾಜಧಾನಿ ಪಪೀಟೆಯ ಬೀದಿಯಲ್ಲಿ ಪೊಲೀಸರು, ಪಾದ್ರಿಗಳು, ಚೀನೀಯರ ಅಂಗಡಿಗಳು. ಅರೆಬತ್ತಲೆ ಅಪ್ಸರೆಯರನ್ನು ಹುಡುಕಿ ಬಂದವನ ಕಣ್ಣಿಗೆ ಬಿದ್ದದ್ದು ಮಿಶನರಿಗಳು ಹೊಲಿಸಿ ತೊಡಿಸಿದ, ಕತ್ತಿನಿಂದ ಹಿಮ್ಮಡಿಯವರೆಗಿನ ನಿಲುವಂಗಿ.

ಮರ್ಯಾದಸ್ಥನಾಗಿದ್ದರೆ ಮೋಸ ಹೋದೆ ಎಂದು ಬರೆದು ವಾಪಸು ಬರುತ್ತಿದ್ದ. ಇವನು ಕುಂಚದಲ್ಲೇ ನಿಲುವಂಗಿ ಕಳಚಿದ.

ಹಳೆಯ ದೇವರುಗಳ ಕಥೆ ಬೇಕಾಯಿತು. ಮೊರೆನ್‌ಹೌಟ್ ಎಂಬ ಯುರೋಪಿಯನ್ 1837ರಲ್ಲಿ ಅಚ್ಚು ಹಾಕಿಸಿದ್ದ ಪುಸ್ತಕದಿಂದ ಎತ್ತಿಕೊಂಡ. ಭಂಗಿ ಬೇಕಾಯಿತು. ಜಾವಾದ ಬೊರೊಬುದುರ್ ಸ್ತೂಪದ ಕೆತ್ತನೆಗಳ ಫೋಟೋ ಜೊತೆಯಲ್ಲೇ ಇತ್ತು. ಅದನ್ನು ನೋಡಿ ಟಹೀಟಿಯ ಹೆಂಗಸರ ಕೈ ಮುಗಿಸಿದ. ನಮ್ಮ ದೇಶದಿಂದ ಜಾವಾಕ್ಕೆ ಹೋದ ಬುದ್ಧನಿಗೆ ಮುಗಿದ ಕೈ, ಟಹೀಟಿಯಲ್ಲಿ ಮೇರಿಮಾತೆಗೆ ಮುಗಿಯಿತು, ಪ್ಯಾರಿಸ್ಸಿನ ಗಿರಾಕಿಗೋಸ್ಕರ. ಅಪ್ಪಟ ದೇಸಿ ಎಂದರೆ ಇದು!

ಬಣ್ಣ ಅದ್ಭುತ, ಒಪ್ಪಿಕೊಳ್ಳೋಣ. ಬಣ್ಣದ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಹೊಟ್ಟೆಯ ಬಗ್ಗೆ. ಮುಂದೆ ಸಮುದ್ರ, ಹಿಂದೆ ಕಾಡು. ಈ ಸ್ವಯಂಘೋಷಿತ ಕಾಡುಮನುಷ್ಯನಿಗೆ ಮೀನು ಹಿಡಿಯಲು ಬಾರದು, ಮರ ಹತ್ತಲು ಬಾರದು. ಚೀನೀಯನ ಅಂಗಡಿಯ ಡಬ್ಬಿ ಊಟವೇ ಗತಿ. ಕಾಸಿಲ್ಲದಾದಾಗ, 1898ರಲ್ಲಿ, ಪಪೀಟೆಯ ಲೋಕೋಪಯೋಗಿ ಕಚೇರಿಯಲ್ಲಿ ದಿನಕ್ಕೆ 6 ಫ್ರಾಂಕಿಗೆ ನಕ್ಷೆ ಬರೆದ. ಕಾಡುಮನುಷ್ಯ, ಪಿಡಬ್ಲ್ಯೂಡಿ! ಮುಂದೆ ಪ್ಯಾರಿಸ್ಸಿನ ಚಿತ್ರವ್ಯಾಪಾರಿ ವೊಲಾರ್ ತಿಂಗಳಿಗೆ 300 ಫ್ರಾಂಕ್ ಗೊತ್ತು ಮಾಡಿದ. ತಪಸ್ಸಿಗೆ ತಿಂಗಳ ಸಂಬಳ.

ಇನ್ನು ಇವನು ಸಂಗಾತಿ ಎಂದು ಮನೆಗೆ ತಂದುಕೊಂಡ ಹುಡುಗಿಯರು. ತೆಹಾಮನಾಗೆ ಸುಮಾರು 13 ವರ್ಷ. ಪಹುರಾಗೆ 14. ಕೊನೆಗೆ ಮಾರ್ಕ್ವೆಸಾಸ್ ದ್ವೀಪಗಳ ವೈಯೊಹೊ, ಅವಳಿಗೂ 14. ಇವನಿಗೆ ಐವತ್ತು ದಾಟಿತ್ತು. ಆ ಹುಡುಗಿಯನ್ನು ಮಿಶನ್ ಶಾಲೆಯಿಂದ ಬಿಡಿಸಿಕೊಂಡು ಬಂದ. ಅವಳ ತಂದೆತಾಯಿಗೆ ಕೊಟ್ಟದ್ದು ಒಂದಿಷ್ಟು ಬಟ್ಟೆ, ಜೊತೆಗೊಂದು ಹೊಲಿಗೆ ಯಂತ್ರ. ಯಂತ್ರನಾಗರಿಕತೆಗೆ ಬೆನ್ನು ತಿರುಗಿಸಿದ್ದವನ ತೆರ ಅದು.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತೇವೆ. ಆ ಆಳಕ್ಕೆ ಚೌಕಟ್ಟು ಹಾಕಿದರೆ ಆಧುನಿಕ ಕಲೆ. ‘ಅಂದಿನ ಕಾಲವೇ ಹಾಗಿತ್ತು’ ಎಂದು ಈಗ ಮ್ಯೂಸಿಯಮ್ಮಿನಲ್ಲಿ ಚಿತ್ರದ ಪಕ್ಕದ ಚೀಟಿ ನಮಗೇ ಬುದ್ಧಿ ಹೇಳುತ್ತದೆ. ಅಂದಿನ ಕಾಲ ಕೋಪನ್‌ಹೇಗನ್ನಿನಲ್ಲೂ ಇತ್ತಲ್ಲ? ಇವನ ಸ್ವಂತ ಮಗಳು ಅಲೀನ್‌ಗೆ ಅಲ್ಲಿ ಹದಿಮೂರು ತುಂಬಿದಾಗ ಯಾರೂ ಹೊಲಿಗೆ ಯಂತ್ರ ಹೊತ್ತುಕೊಂಡು ಬರಲಿಲ್ಲ.

1901ರಲ್ಲಿ ಟಹೀಟಿಯೂ ಹಳಸಿತು. ಇನ್ನೂ ದೂರದ, ಮಾರ್ಕ್ವೆಸಾಸ್‌ನ ಹಿವಾ ಓವಾ ದ್ವೀಪದ ಅತುವೋನಾ ಊರಿಗೆ ಹೋದ. ಅಲ್ಲಿ ಒಳ್ಳೆಯ ಜಾಗವೆಲ್ಲ ಕ್ಯಾಥೊಲಿಕ್ ಮಿಶನ್ನಿನದು. ಸರಿ, ಭಕ್ತಿ ಉಕ್ಕಿತು. ತಪ್ಪದೆ ಪೂಜೆಗೆ ಹೋದ. ಬಿಷಪ್ಪರು ಕರಗಿ ಜಾಗ ಮಾರಿದರು. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ. ಅದೇ ಜಾಗದಲ್ಲಿ ಮನೆ ಕಟ್ಟಿ ‘ಭೋಗದ ಮನೆ’ ಎಂದು ಹಲಗೆ ಕೆತ್ತಿದ. ಬಿಷಪ್ಪರನ್ನೇ ಅಣಕಿಸುವ ಮರದ ಗೊಂಬೆ ಮಾಡಿ ಮುಂದೆ ನಿಲ್ಲಿಸಿದ.

ಆಮೇಲೆ ಏಕಾಏಕಿ ಜನನಾಯಕ. ತೆರಿಗೆ ಕಟ್ಟಬೇಡಿ, ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ಊರವರಿಗೆ ಬೋಧಿಸಿದ. ತೆರಿಗೆಯ ಮಾತಿನಲ್ಲಿ ನ್ಯಾಯವಿತ್ತು. ಶಾಲೆಯ ಮಾತು ಇವನ ಬಾಯಲ್ಲಿ ಬಂದಾಗ ಮಾತ್ರ ಮೈ ಉರಿಯುತ್ತದೆ. 1903ರಲ್ಲಿ ಪೊಲೀಸನ ಮೇಲೆ ಅಪವಾದ ಹೊರಿಸಿದ್ದಕ್ಕೆ 500 ಫ್ರಾಂಕ್ ದಂಡ, ಮೂರು ತಿಂಗಳ ಸಜೆ ಬಿತ್ತು. ಹುಡುಗಿಯರ ವಿಷಯದಲ್ಲಿ ಯಾವ ಕೋರ್ಟೂ ಕೆಮ್ಮಲಿಲ್ಲ. ಫ್ರೆಂಚ್ ಸಾಮ್ರಾಜ್ಯದಲ್ಲಿ ಪೊಲೀಸನ ಮಾನಕ್ಕೆ ಬೆಲೆಯಿತ್ತು.

ಸಜೆಗೆ ಮೊದಲೇ, ಮೇ 8ರಂದು ಸತ್ತ.

ಇವನು 1892ರಲ್ಲಿ ಬರೆದ, ‘ಮದುವೆ ಯಾವಾಗ?’ ಎಂಬ ಅರ್ಥದ ಹೆಸರಿನ ಚಿತ್ರವೊಂದು ಶತಮಾನ ದಾಟಿದ ಮೇಲೆ ಸುಮಾರು 21 ಕೋಟಿ ಡಾಲರಿಗೆ ಕೈ ಬದಲಿಸಿತು. ಪ್ರಶ್ನೆ ಹುಡುಗಿಗೆ. ಕೇಳಿದವನಿಗೆ ಹೆಂಡತಿ, ಐದು ಮಕ್ಕಳು. ಅವನ ಹೆಸರಿಟ್ಟ ಐಷಾರಾಮಿ ಹಡಗೊಂದು ಅದೇ ದ್ವೀಪಗಳನ್ನು ಸುತ್ತಿದೆ, ನಾಗರಿಕತೆ ಬೇಸರವಾದವರನ್ನು ತುಂಬಿಕೊಂಡು. ಒಳಗೆ ಎಸಿ.

ಅವನ ಸಮಾಧಿ ಅತುವೋನಾದ ಕ್ಯಾಥೊಲಿಕ್ ಸ್ಮಶಾನದಲ್ಲಿದೆ. ಹೂತವರು ಅದೇ ಮಿಶನ್ನಿನವರು. ಮನೆಗೂ ಅವರ ನೆಲ, ಹೆಣಕ್ಕೂ ಅವರ ನೆಲ. ಮೊದಲನೆಯದಕ್ಕಾದರೂ ದುಡ್ಡು ಕೊಟ್ಟಿದ್ದ.